ಅತ್ತೆಯ ಸ್ಪ್ಯಾನಿಷ್ ನಮಸ್ಕಾರ

ನನ್ನ ಅತ್ತೆಯ ಜೊತೆ ನಮ್ಮ ವರ್ತಕ ನಗರ ಬಡಾವಣೆಯ ಬೀದಿಯಲ್ಲಿ ತಲೆ ಎತ್ತಿ ನಡೆಯುವ ಧೈರ್ಯ ನಿಮಗಿದೆಯೇ? ಇದ್ದರೆ ಬನ್ನಿ, ನನ್ನ ಹೋಟೆಲಿನಲ್ಲಿ ನಿಮಗೆ ಜೀವನಪೂರ್ತಿ ಚಹಾ ಪುಕ್ಕಟೆ. ನನ್ನ ಹೆಂಡತಿಯ ತಾಯಿ, ಎಪ್ಪತ್ತು ದಾಟಿದ ಹೆಂಗಸು, ಮೊಬೈಲ್ ನೋಡಿ ಸ್ಪ್ಯಾನಿಷ್ ಕಲಿತರು. ಪೂರ್ತಿ ಅಲ್ಲ, ನಮಸ್ಕಾರ ಹೇಳುವಷ್ಟು. ಕಲಿತದ್ದನ್ನೆಲ್ಲ ಕಂಡಕಂಡವರ ಮೇಲೆ ಪ್ರಯೋಗಿಸಿದರು.

ಕಾರಣ ನನ್ನ ಮಗಳು. ಮಹಾಪೆಯ ಆಫೀಸಿನಲ್ಲಿ ಜೊತೆಗಿರುವ ಸ್ಪೇನಿನ ಹುಡುಗನನ್ನು ಮೆಚ್ಚಿದ್ದಳು. ಅವನ ತಾಯಿ ನಮ್ಮನ್ನು ನೋಡಲು ಬರುವವರಿದ್ದರು.

"ಪಪ್ಪಾ, ಬಾಗಿಲಲ್ಲಿ ಅವರ ಭಾಷೆಯಲ್ಲಿ ಒಂದು ಮಾತು ಹೇಳಿ. ಬಸ್, ಇತನಾ ಹೀ, ಅಷ್ಟೇ ಸಾಕು. ನೀವು ಸುಮ್ಮನೆ ನಿಂತ್ರೆ ನಿಮಗೆ ಈ ಸಂಬಂಧ ಇಷ್ಟ ಇಲ್ಲ ಅಂತ ಅವರು ಅಂದ್ಕೊಳ್ತಾರೆ."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮೇಜು ಒರೆಸಿ, ಸ್ವಂತ ಹೋಟೆಲು ಮಾಡಿದವನು ನಾನು. ಈ ವಯಸ್ಸಿನಲ್ಲಿ ತಪ್ಪು ಹೇಳಿ ನಗೆಪಾಟಲಾಗಲೇ? "ನನ್ನಿಂದ ಆಗುವುದಿಲ್ಲ" ಎಂದೆ. ಮಗಳ ಮುಖ ಸಣ್ಣದಾಯಿತು.

ಅತ್ತೆಗೆಲ್ಲಿಯ ನಾಚಿಕೆ! ಬೆಳಿಗ್ಗೆ ವಾಚ್‌ಮನ್‌ಗೆ "ಬ್ವೆನೋಸ್ ದಿಯಾಸ್" ಎಂದರು. ಅವನು ಎದ್ದು ಸೆಲ್ಯೂಟ್ ಹೊಡೆದ. ನಮ್ಮ ಕಟ್ಟಡದ ಸೊಸೈಟಿಯ ಚೇರ್ಮನ್ನರಿಗೂ ಅದು ಸಿಗುವುದಿಲ್ಲ. ಆ ದೇಶದಲ್ಲಿ ಕೆನ್ನೆಗೆ ಕೆನ್ನೆ ತಾಗಿಸುವ ಪದ್ಧತಿಯಂತೆ. ಅತ್ತೆ ಹತ್ತಿದ ಲೋಕಲ್ ರೈಲು ಮುಂಬ್ರಾ ದಾಟುವಷ್ಟರಲ್ಲಿ, ಗುರುತಿಲ್ಲದ ಮರಾಠಿ ಅಜ್ಜಿಯೊಬ್ಬರಿಗೆ ಎರಡೂ ಕೆನ್ನೆ ತಾಗಿಸಿ ಆಗಿತ್ತು.

"ಅವರೇನಂದ್ರು?" ಎಂದೆ.

"ಪಾಪ, ಸೀಟು ಬಿಟ್ಟುಕೊಟ್ರು."

ದಿನಾ ಸಂಜೆ ನನ್ನ ಗಲ್ಲಾಪೆಟ್ಟಿಗೆಯ ಪಕ್ಕವೇ ಕುರ್ಚಿ ಹಾಕಿ ಕೂತು, ಬಂದ ಗಿರಾಕಿಗಳಿಗೆಲ್ಲ "ಬಿಯೆನ್‌ಬೆನಿದೋಸ್" ಎಂದು ಸ್ವಾಗತ. ಅದು ಹೊಸ ತಿಂಡಿಯ ಹೆಸರೆಂದು ತಿಳಿದು ಒಮ್ಮೆ ಒಬ್ಬ ನನ್ನನ್ನೇ ಕೇಳಿದ, "ಶೇಠ್, ನಯಾ ಐಟಂ ಹೈ ಕ್ಯಾ? ಏಕ್ ಪ್ಲೇಟ್ ದೇನಾ." ಇಡೀ ಹೋಟೆಲು ನಕ್ಕಿತು. ನನಗೆ ಮೇಜಿನಡಿ ಹೊಕ್ಕುಬಿಡೋಣ ಅನಿಸಿತು.

"ಅತ್ತೆ, ಮರ್ಯಾದೆ ಹೋಗ್ತದೆ. ಮನೆಯಲ್ಲಿ ಹೇಳ್ಕೊಳ್ಳಿ."

"ಮನೆಯಲ್ಲಿ ನೀವು ಇರೂದೇ ಇಲ್ಲ ಅಲ್ವಾ?" ಎಂದರು. ನನಗೆ ಅರ್ಥವಾಗಲಿಲ್ಲ.

ಭಾನುವಾರ ಬೆಳಿಗ್ಗೆ ತಾಯಿ, ಮಗ ಬಾಗಿಲಿಗೆ ಬಂದರು. ನಾನು ಅತ್ತೆಯ ಬೆನ್ನ ಹಿಂದೆ ನಿಂತೆ. ಅತ್ತೆ ಬಾಯಿ ತೆರೆದರು, ಮುಚ್ಚಿದರು.

"ಅಯ್ಯೋ, ಮರ್ತೇ ಹೋಯ್ತು" ಎಂದು ಪಕ್ಕಕ್ಕೆ ಸರಿದರು.

ಎದುರಿಗೆ ಈಗ ನಾನೊಬ್ಬನೇ. ಮಗಳು ನನ್ನನ್ನೇ ನೋಡುತ್ತಿದ್ದಳು. ದಿನಾ ಕಿವಿಗೆ ಬಿದ್ದದ್ದು ತಾನಾಗಿ ಹೊರಬಂತು: "ಬ್ವೆನೋಸ್ ದಿಯಾಸ್. ಬಿಯೆನ್‌ಬೆನಿದೋಸ್."

ಆ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. ಮಗಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ನೀರು, ಬೆಲ್ಲ ತರಲು ಅಡುಗೆಮನೆಗೆ ಹೋದೆ. ಅತ್ತೆ ಬೆಲ್ಲ ಒಡೆಯುತ್ತ, ಆ ನಮಸ್ಕಾರಗಳನ್ನೆಲ್ಲ ಒಂದೂ ತಪ್ಪದೆ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

"ಹುಡುಗಿಯ ಅಪ್ಪ ನೀವು. ಮೊದಲು ನೀವೇ ಮಾತಾಡ್ಬೇಕಲ್ಲ?" ಎಂದು ತಟ್ಟೆಯನ್ನು ನನ್ನ ಕೈಗಿಟ್ಟರು. "ಹೋಗಿ, ಅವರಿಗೆ ಬಾಯಾರಿರ್ತದೆ."