ಇಮೇಲಿಗೆ ನಾನು ಹಾಕಿದ ಬೀಗ

ನನ್ನ ಓದು ಎರಡನೇ ಕ್ಲಾಸು. ಆದರೂ ಗುಟ್ಟು ಕಾಪಾಡುವುದರಲ್ಲಿ ನನ್ನನ್ನು ಮೀರಿಸುವವರು ಬಂಡೂರಿನಲ್ಲೇ ಇಲ್ಲವೆಂದು ನಂಬಿದ್ದೆ.

ಮೊದಲ ಇಮೇಲನ್ನು ಮಳವಳ್ಳಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಮಾಡಿಸಿದ್ದೆ. ಆ ಪುಣ್ಯಾತ್ಮ ಎಲ್ಲರ ಪಾಸ್‌ವರ್ಡನ್ನೂ ಗೋಡೆಗೇ ಅಂಟಿಸಿದ್ದ! ನನ್ನ ಟಗರನ್ನು ಸರ್ಕಾರಿ ಕುರಿ ತಳಿ ಕೇಂದ್ರದವರು ಕೇಳಿದ್ದಾರೆಂಬ ಸುದ್ದಿ ನನಗಿಂತ ಮೊದಲು ಬಸ್ಸಿಗೆಲ್ಲ ಗೊತ್ತಾಯಿತು.

"ಬ್ಯಾರೆ ಇಮೇಲ್ ಮಾಡ್ಕೊಡು. ಬೀಗ ಗಟ್ಟಿ ಇರ್ಬೇಕು" ಎಂದೆ ಸೊಸೆ ಮಂಜುಳಾಗೆ.

ಅವಳು ನಾಲ್ಕೈದು ಇಮೇಲ್ ಕಂಪನಿ ನೋಡಿ ಒಂದನ್ನು ಆರಿಸಿದಳು. "ಇದ್ರಲ್ಲಿ ನಿಮ್ ಕಾಗ್ದವ ಕಂಪನಿಯವ್ರೂ ಓದಕ್ಕಾಗಕಿಲ್ಲ ಅತ್ತೆ. ಆದ್ರೆ ಪಾಸ್‌ವರ್ಡ್ ಮರ್ತ್ರೆ ಅವ್ರೂ ತೆಗ್ದುಕೊಡಕಿಲ್ಲ. ಒಂದ್ಕಡೆ ಬರ್ದಿಡಿ."

"ಮರೆಯಕ್ಕೆ ನಾನೇನ್ ನಿನ್ ಗಂಡನಾ?"

ಬರೆದಿಟ್ಟೆ. ಚೀಟಿಯಲ್ಲಲ್ಲ, ಚೀಟಿ ಕಳ್ಳರ ಪಾಲಾಗುತ್ತದೆ. ಗುರುತಿಗೆಂದು ಕುರಿಗೆ ಹೇಗೂ ಕೆಂಪು ಬಣ್ಣ ಬಳಿಯುತ್ತೇವೆ. ದೊಡ್ಡಿಯಿಂದ ದಿನವೂ ಅದೇ ಸಾಲಾಗಿ ಹೊರಡುವ ಎಂಟು ಕುರಿಗಳ ಬೆನ್ನಿಗೆ ಪಾಸ್‌ವರ್ಡಿನ ಒಂದೊಂದು ಅಂಕಿ ಬರೆದೆ. ಕುರಿ ಬಾಯಿ ಬಿಡುತ್ತದೆಯೇ? ಬಿಟ್ಟರೂ ಬ್ಯಾ ಅಷ್ಟೇ!

ಮೊನ್ನೆ ಫೋನು ನೀರಿನ ತೊಟ್ಟಿಗೆ ಬಿತ್ತು. ಹೊಸ ಫೋನು ಪಾಸ್‌ವರ್ಡ್ ಕೇಳಿತು. ಅಂದು ಸಂಜೆಯೊಳಗೆ ನನ್ನ ಒಪ್ಪಿಗೆ ತಲುಪದಿದ್ದರೆ ನನ್ನದನ್ನು ಬಿಟ್ಟು ಕಿರುಗಾವಲು ಊರಿನ ಟಗರನ್ನೇ ಒಯ್ಯುತ್ತೇವೆಂದು ತಳಿ ಕೇಂದ್ರದವರು ಮೊದಲೇ ಬರೆದಿದ್ದರು. ಗಂಭೀರವಾಗಿ ದೊಡ್ಡಿಗೆ ನಡೆದೆ.

ಎಂಟೂ ಕುರಿಗಳು ಬೋಳು!

ಹಿಂದಿನ ದಿನ ಉಣ್ಣೆ ಕತ್ತರಿಸುವವರನ್ನು ಕರೆಸಿದವಳು ನಾನೇ. ಟೀ ಕೊಟ್ಟು ಉಪಚರಿಸಿದವಳೂ ನಾನೇ.

ಮಂಜುಳಾ ಉಣ್ಣೆ ಮೂಟೆಯನ್ನು ಅಂಗಳಕ್ಕೆ ಸುರಿದಳು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಕೆಂಪು ಕೂದಲು ಹೆಕ್ಕಿದೆವು. ಮೂರೋ ಎಂಟೋ, ಬ್ರಹ್ಮನಿಗೂ ತಿಳಿಯದು. ಕಿರುಗಾವಲಿನ ಟಗರು ಕಣ್ಣ ಮುಂದೆ ಮೀಸೆ ತಿರುವಿತು.

ಎದುರು ಮನೆಯ ಜಯಮ್ಮ ಬಂದಳು. "ಏನೇ ಉಡುಕ್ತಿದ್ದೀರಿ ಅತ್ತೆ ಸೊಸೆ?"

"ಕುರಿ ಮ್ಯಾಲಿನ್ ನಂಬರು ಕಣಮ್ಮ. ಓಯ್ತು!" ಎಂದೆ.

"ಅಯ್ಯ, ಅದುಕ್ಕಾ? ನಾಕು, ಒಂದು, ಏಳು..." ಎಂದು ಎಂಟನ್ನೂ ಮಗ್ಗಿಯಂತೆ ಒಪ್ಪಿಸಿದಳು. "ದಿನಾ ನಮ್ ಬಾಗ್ಲ ಮುಂದ್ಲೇ ಓಯ್ತವಲ್ಲ. ಬೀದೀಗೆಲ್ಲ ಬಾಯ್‌ಪಾಠ ಕಣೇ!"

ಬೀಗ ತೆರೆಯಿತು. ಒಪ್ಪಿಗೆ ಹೋಯಿತು. ನನ್ನ ಟಗರೇ ಖಾತ್ರಿಯೆಂದು ಉತ್ತರವೂ ಬಂತು. ಹೋದ ಜೀವ ಬಂದಂತಾಗಿ ಜಗುಲಿ ಮೇಲೆ ಕಾಲು ಚಾಚಿದೆ.

"ಈಗ್ಲೇ ಪಾಸ್‌ವರ್ಡ್ ಬದ್ಲಾಯ್ಸನ ಅತ್ತೆ" ಎಂದಳು ಮಂಜುಳಾ.

"ಬದ್ಲಾಯ್ಸು. ಆದ್ರೆ ಒಸ ನಂಬರ್ನ ಜಯಮ್ಮಂಗೊಂದ್ ಮಾತು ಏಳ್ಬುಡು" ಎಂದೆ.