ಮಾವನ ಮೆತ್ತನೆಯ ಗಟ್ಟಿಮೇಳ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಎಂ.ಎ. ಓದಿ ನನಗಾದ ಲಾಭವೆಂದರೆ ನನ್ನ ನೆನಪನ್ನೇ ಅನುಮಾನಿಸುವುದನ್ನು ಕಲಿತದ್ದು. ಆದರೆ ನಮ್ಮ ನಾಗರಾಜ ಮಾವ ಜಾಜ್ ಡ್ರಮ್ಮರ್ ಆಗಿದ್ದರೆಂಬುದು ಖಂಡಿತ. ಹಿಂದೂಪುರದ ನೇಕಾರರ ಮನೆಯಲ್ಲಿ ಹುಟ್ಟಿ, ಬೆಂಗಳೂರಿನ ಹೋಟೆಲುಗಳಲ್ಲಿ, ಆಮೇಲೆ ಪ್ರವಾಸಿಗಳ ಹಡಗಿನಲ್ಲಿ ಅರ್ಧ ಆಯುಷ್ಯ ನುಡಿಸಿ ಊರಿಗೆ ಮರಳಿದವರು. "ಡೋಲು ಬಡಿಯಾಕೆ ಅಷ್ಟು ದೂರ ಹೋಗ್ಬೇಕಿತ್ತೇನ್ಲಾ? ಇಲ್ಲೇ ಪಕ್ಕದ ಪರಿಗೀಲಿ ಮದುವೆಗಳಿರ್ಲಿಲ್ವಾ?" ಎಂದು ಅಮ್ಮ ತಮ್ಮನನ್ನು ಹಂಗಿಸುತ್ತಿದ್ದಳು. ಮಾವ ನಗುತ್ತಿದ್ದರು. "ನಮ್ಮ ಕೆಲಸ ಬಡಿಯೋದಲ್ಲ ಕಣಕ್ಕಾ. ಮುಂದೆ ನಿಂತೋನು ನುಡಿಸ್ತಿದ್ರೆ ಹಿಂದೆ ಕೂತು ತಗ್ಗೋದು."

ಈ ತಗ್ಗುವ ವಿದ್ಯೆಯೇ ಕಲ್ಯಾಣದುರ್ಗದಲ್ಲಿ ನನ್ನ ತಂಗಿಯ ಮದುವೆಯನ್ನು ನಿಲ್ಲಿಸುವುದರಲ್ಲಿತ್ತು. ಮುಹೂರ್ತ ಹತ್ತಿರವಾದರೂ ಡೋಲಿನವರು ಬರಲಿಲ್ಲ. ಬೆಳುಗುಪ್ಪದ ಬಳಿ ಅವರ ಬೈಕು ಕೆಟ್ಟಿತ್ತು. ಹಿಂದಿನ ಸಂಜೆಯ ರಿಸೆಪ್ಷನ್ನಿಗೆ ತಂದಿದ್ದ ಮಾವನ ಡ್ರಮ್ ಸೆಟ್ಟು ಛತ್ರದಲ್ಲೇ ಇದ್ದುದರಿಂದ ಅವರನ್ನೇ ಕೂರಿಸಿದೆವು. ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ!" ಎಂದರು. ತಾಳಿ ಕಟ್ಟುವಾಗ ಅಪಶಕುನದ ಸದ್ದು ಯಾರ ಕಿವಿಗೂ ಬೀಳಬಾರದೆಂದೇ ಗಟ್ಟಿಮೇಳ. ಮಾವನ ಕಣ್ಣಿಗೆ ಮದುಮಗ ಸ್ಯಾಕ್ಸೋಫೋನಿನವನಂತೆ ಕಂಡನೋ ಏನೋ, ಹಳೆಯ ಅಭ್ಯಾಸದಂತೆ ತಂತಿಯ ಬ್ರಶ್ಶು ಹಿಡಿದು, ಮಲಗಿದ ಬೆಕ್ಕನ್ನು ನೇವರಿಸುವ ಹಾಗೆ ಡ್ರಮ್ಮನ್ನು ಸವರತೊಡಗಿದರು. ಛತ್ರವೆಲ್ಲ ನಿಶ್ಶಬ್ದ. ಆಗ ಯಾರೋ ಸೀನಿದರು.

ಒಂಟಿ ಸೀನು! ಮದುಮಗನ ಕೈ ತಾಳಿಯ ಸಮೇತ ಗಾಳಿಯಲ್ಲೇ ನಿಂತಿತು. ಎಲ್ಲರೂ ಅವನ ಅಜ್ಜಿಯ ಕಡೆ ನೋಡಿದರು; ಹಲ್ಲಿ ನುಡಿಯಿತೆಂದು ನಿಶ್ಚಿತಾರ್ಥವನ್ನೇ ಮುಂದೂಡಿಸಿದ್ದವರು. ಅಷ್ಟರಲ್ಲಿ ಮಾವ ಬ್ರಶ್ಶನ್ನು ಸರ್ರನೆ ಎಳೆದು ತಾಳದ ತಟ್ಟೆಗೆ ಒಂದು ಕೊಟ್ಟರು. ಹಾಆ... ಛೀ! ಅದೇ ಸೀನು, ಅದೇ ಎಳೆತ, ಕೊನೆಯ ಮೂಗಿನ ಸದ್ದು ಕೂಡ. ಹಡಗಿನಲ್ಲಿ ಪಿಯಾನೋದವನು ತಪ್ಪು ಸ್ವರ ಒತ್ತಿದರೆ ಉಳಿದವರೂ ಅದನ್ನೇ ನುಡಿಸಿ ಸರಿಯೆನಿಸುತ್ತಿದ್ದರಂತೆ.

ಅಜ್ಜಿ ಕೈಯೆತ್ತಿದರು. "ಜೋಡಿ ಸೀನು, ಮಂಚಿದೇ! ಶುಭ ಕಣ್ರಪ್ಪಾ! ಏನ್ಲಾ ನೋಡ್ತೀಯಾ, ಕಟ್ಲಾ!" ಆಮೇಲೆ ಮಾವ ನುಡಿಸಿದ್ದಕ್ಕೆ ಛತ್ರದ ಪಾರಿವಾಳಗಳೆಲ್ಲ ಹಾರಿಹೋದವು. ಅಮ್ಮ ಅಕ್ಷತೆ ಹಾಕುವುದನ್ನೂ ಮರೆತು ತಮ್ಮನನ್ನೇ ನೋಡುತ್ತಿದ್ದಳು.

ಮೊದಲು ಸೀನಿದವಳು ನೀನೇ ಎಂದು ತಂಗಿ ನನ್ನೊಡನೆ ವಾದಿಸುತ್ತಾಳೆ. ನನಗೆ ನೆನಪಿಲ್ಲ, ಇದ್ದರೂ ನಂಬುವವಳಲ್ಲ. ಮೊನ್ನೆ ಕಲ್ಯಾಣದುರ್ಗಕ್ಕೆ ಹೋದವಳು ಅಜ್ಜಿ ಒಬ್ಬರೇ ಇದ್ದಾಗ ಕೇಳಿಯೇಬಿಟ್ಟೆ. ಅವರು ಬಾಯಿತುಂಬ ಎಲೆಯಡಿಕೆ ತುಂಬಿಕೊಂಡು ಅಗಿಯುತ್ತ ಕೂತುಬಿಟ್ಟರು. ನಾನು ಕೇಳಿದ್ದಿಷ್ಟೇ: "ಅಜ್ಜೀ, ಎರಡನೇ ಸೀನು ಡ್ರಮ್ಮಿನದು ಅಂತ ನಿಮಗೆ ಆಗಲೇ ಗೊತ್ತಿತ್ತು, ಅಲ್ವಾ?"