ಆಷಾಢದ ರೇಟಿನ ಸಮುದ್ರ

ಶಹಾಪುರದ ಹತ್ತಿ ಪೇಟೆಯಲ್ಲಿ ವಿಶ್ವರಾಧ್ಯನ ಬಲ ಮೊಳಕೈಗೆ ಇದ್ದ ಹೆಸರು ಅವನ ಮುಖಕ್ಕೂ ಇರಲಿಲ್ಲ. ಚೀಲದ ಬಾಯಲ್ಲಿ ಹತ್ತಿ ಎಷ್ಟೇ ಬೆಳ್ಳಗೆ ನಗುತ್ತಿರಲಿ, ರೈತರ ಮಾಲು ನೋಡಿ ತೂಕ ಹಿಡಿಯುವ ಅವನು ಮರುಳಾಗುವ ಅಡತಿಯವನಲ್ಲ. ತೋಳು ಏರಿಸಿ, ಮೊಳಕೈತನಕ ಕೈ ಇಳಿಸಿ, ತಳದಿಂದ ಒಂದು ಹಿಡಿ ಕಿತ್ತು ತೆಗೆದು, ಗಲ್ಲಕ್ಕೆ ಒತ್ತಿಕೊಂಡು, ಧ್ಯಾನಕ್ಕೆ ಕೂತವನಂತೆ ಕಣ್ಣು ಮುಚ್ಚಿ, "ಹಸಿ ಅದ" ಎನ್ನುತ್ತಿದ್ದ. ತೂಕ ಬರಲಿ ಎಂದು ಹೊರಡುವ ಮುಂದೆ ನಾಲ್ಕು ತಂಬಿಗೆ ನೀರು ಚಿಮುಕಿಸಿ ತಂದವನ ಎದೆ ಆಗ ಒಣಗುತ್ತಿತ್ತು.

"ಸಾವ್ಕಾರ್ರ, ಒಂದ್ ಸುಗ್ಗಿ ನಿಮ್ಮ ಮೊಳಕೈ ತಪ್ಪಲಿ. ತಿಂಥಣಿ ಮೌನಪ್ಪಗ ಐದು ಟೆಂಗಿನಕಾಯಿ ಒಡೀತೀನಿ" ಎಂದು ವಡಗೇರಾ ಕಡೆಯ ರೈತ ಸಾಬಣ್ಣ ಅವನ ಮುಖದ ಮೇಲೇ ಹರಕೆ ಹೊತ್ತಿದ್ದ.

ಇಂಥ ಪ್ರಚಂಡನಿಗೆ ಮನೆಯಲ್ಲಿ ಒಂದೇ ಕಾಟ. ಹೆಂಡತಿ ಗುರುದೇವಿ ಸಮುದ್ರ ನೋಡಿರಲಿಲ್ಲ.

ಅವಳು ಸುರಪುರದ ಎತ್ತಿನ ವ್ಯಾಪಾರಿ ಅಮರಪ್ಪನ ಮಗಳು. ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ. ಇಷ್ಟರಲ್ಲಿ ಅವಳು ಕಂಡ ಅತಿ ದೊಡ್ಡ ಜಲರಾಶಿ ನಾರಾಯಣಪುರದ ಡ್ಯಾಮು. ಅತಿ ಉದ್ದದ್ದು ಭತ್ತಕ್ಕೆ ನೀರುಣಿಸುವ ಕಾಲುವೆ. ಕಾಲುವೆಯಲ್ಲಿ ತೆರೆ ಏಳುವುದಿಲ್ಲ, ಎದ್ದರೆ ಇಂಜಿನಿಯರು ಬರುತ್ತಾರೆ.

"ಚಳಿಗಾಲಕ್ಕ ಹೋಗೋಣ ಅಂದ್ರ ಹತ್ತಿ ಅಂತೀರಿ. ಸಂಕ್ರಾಂತಿ ಆದಮ್ಯಾಲ ತೊಗರಿ ಅಂತೀರಿ. ಬ್ಯಾಸಗಿಗೆ ಮಂದಿ ಲಗ್ನ ಅಂತೀರಿ. ನಿಮ್ಮ ಪಂಚಾಂಗದಾಗ ಸಮುದ್ರಕ್ಕ ಒಂದ್ ತಿಥಿನಾದ್ರೂ ಅದನೋ ಇಲ್ಲೋ?"

"ಸಮುದ್ರ ಎಲ್ಲಿ ಓಡಿ ಹೋಗ್ತದ?"

"ಸಮುದ್ರ ಓಡಂಗಿಲ್ರಿ. ನನ್ನ ಮೊಣಕಾಲು ಓಡಾಕತ್ತಾವ."

ನಿಜ ಹೇಳಬೇಕೆಂದರೆ ಅವನ ಸಂಕಟ ಸುಳ್ಳಲ್ಲ. ಸಮುದ್ರಕ್ಕೆ ಒಳ್ಳೆಯ ಕಾಲ ಎಂದು ಜನ ಹೇಳುವುದು ನವೆಂಬರಿನಿಂದ ಫೆಬ್ರವರಿ. ಹತ್ತಿ ಪೇಟೆಗೆ ಬರುವುದೂ ಅದೇ ನವೆಂಬರಿನಿಂದ ಫೆಬ್ರವರಿ. (ದೇವರು ಇವೆರಡನ್ನೂ ಒಂದೇ ಗಾಡಿಗೆ ಹೂಡಿದ್ದು ಅವನನ್ನು ಕಾಡಲು ಗುರುದೇವಿಗೆ ನೆಪ ಸಿಗಲೆಂಬ ಪಕ್ಷಪಾತದಿಂದ ಎಂಬುದು ಅವನ ಬಲವಾದ ಗುಮಾನಿ.) ಡಿಸೆಂಬರಿನಲ್ಲಿ ಅಂಗಡಿ ಬಿಟ್ಟು ಹೋಗುವುದೆಂದರೆ ಉಣ್ಣಲು ಬಡಿಸಿದ ಮೇಲೆ ಎಲೆ ಬಿಟ್ಟು ಏಳುವುದು.

ಆಷಾಢದಲ್ಲಿ ಒಂದು ದಿನ ಪೇಟೆಯಲ್ಲಿ ನೊಣ ಹೊಡೆಯುತ್ತ ಕೂತಿದ್ದಾಗ ಅವನಿಗೆ ಜ್ಞಾನೋದಯವಾಯಿತು. ಗೋಕರ್ಣದ ಒಂದು ಲಾಡ್ಜಿಗೆ ಫೋನು ಹಚ್ಚಿದ. ಡಿಸೆಂಬರಿನ ರೇಟು ಕೇಳಿದ, ಎದೆ ಹಿಡಿದುಕೊಂಡ. ಈಗಿನ ರೇಟು ಕೇಳಿದ, ಕೈ ಬಿಟ್ಟ. ಸೀದಾ ಮನೆಗೆ ಬಂದ.

"ಗುರುದೇವಿ, ಗಂಟು ಕಟ್ಟು. ಸಮುದ್ರದ ರೇಟು ಬಿದ್ದದ."

ಅವಳು ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ಎಷ್ಟು ಬಿದ್ದದ?"

"ಅಲ್ಲಿ ಡಿಸೆಂಬರಿನ್ಯಾಗ ಒಂದ್ ದಿನ ಇರೋ ರೊಕ್ಕದಾಗ ಈಗ ನಾಕು ದಿನ ಇರಬಹುದು. ಎಲ್ಲಾರೂ ಬಿಟ್ಟಾಗ ಹಿಡೀಬೇಕು, ಎಲ್ಲಾರೂ ಹಿಡಿದಾಗ ಬಿಡಬೇಕು. ವ್ಯಾಪಾರ ಅಂದ್ರ ಇಷ್ಟ. ಮ್ಯಾಲ ಮಹಾಬಲೇಶ್ವರನ ದರ್ಶನ ಪುಕ್ಕಟೆ."

"ಅಷ್ಟು ಬಿದ್ದದ ಅಂದ್ರ ಮಾಲಿನ್ಯಾಗ ಏನರೆ ಐಬು ಇರಬೇಕಲ್ರಿ. ಸೋವಿ ಎತ್ತಿಗೆ ಮೊದಲು ಹಲ್ಲು ನೋಡು ಅಂತಿದ್ದ ನಮ್ಮಪ್ಪ."

"ನಿಮ್ಮಪ್ಪ ಮಾರಿದ ಎತ್ತಿಗೆ ಹಲ್ಲು ಎಲ್ಲಿರತಿದ್ವು? ನಮೂನಿ ತರಿಸೀನಿ, ನೋಡು."

ಫೋನಿನಲ್ಲಿ ಒಂದು ಫೋಟೋ. ನೀಲಿ ನೀರು, ಬಿಳಿ ಉಸುಕು, ಬಿಸಿಲು, ಅದರ ಮೇಲೆ ಸುಮ್ಮನೆ ಬಾಗಿದ ಒಂದು ತೆಂಗು.

"ಇದು ಯಾವ ತಿಂಗಳದ್ದು?"

"ಸಮುದ್ರಕ್ಕ ತಿಂಗಳು ಇರೂದಿಲ್ಲ."

ಚೀಲದ ಬಾಯಿಯ ಹತ್ತಿಯನ್ನು ಜನ್ಮದಲ್ಲಿ ನಂಬದ ಮನುಷ್ಯ ಫೋನಿನ ಬಾಯಿಯ ಸಮುದ್ರವನ್ನು ನಂಬಿದ. (ಮೊಳಕೈ ಇಳಿಸಲು ಅಲ್ಲಿ ಜಾಗವಿರಲಿಲ್ಲ ಎಂಬುದನ್ನೂ ಒಪ್ಪಬೇಕು.)

ಗುರುದೇವಿ ಹಿಟ್ಟಿನ ಕೈ ತೊಳೆದುಕೊಂಡು ಬಂದಳು. ಗಂಡನ ಹೆಗಲ ಮೇಲಿನ ಟವೆಲ್ಲು ಎಳೆದು, ಇಬ್ಬರ ಕೈಗಳ ಮೇಲೆ ಮುಚ್ಚಿದಳು. ದನದ ಸಂತೆಯಲ್ಲಿ ಅವಳಪ್ಪ ಸೌದಾ ಮಾಡುತ್ತಿದ್ದದ್ದು ಹೀಗೆ. ರೇಟೆಲ್ಲ ಬಟ್ಟೆಯ ಕೆಳಗೆ, ಬೆರಳಿನ ಲೆಕ್ಕದಲ್ಲಿ.

"ಕರಾರು ಕೇಳ್ರಿ. ಈ ಖೇಪಿಗೆ ನಾ ಸಮುದ್ರದಾಗ ಕಾಲಿಟ್ಟೆ ಅಂದ್ರ, ಜೀವ ಇರೋತನಕ ಸಮುದ್ರದ ಹೆಸರು ತೆಗೆಯೂದಿಲ್ಲ. ಇಡಲಿಲ್ಲ ಅಂದ್ರ, ಡಿಸೆಂಬರಿನ್ಯಾಗ ನಿಮ್ಮ ದುಕಾನದ ಶಟರ್ ಇಷ್ಟು ದಿನ ಇಳೀತದ." ಅವನ ನಾಲ್ಕು ಬೆರಳು ಹಿಡಿದು ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಎಂಟು.

ಇರೋತನಕ ಕಾಟವಿಲ್ಲ ಎಂಬ ಲಾಭ ಎದುರಿಗೆ ಹೊಳೆಯುತ್ತಿತ್ತು. ವಿಶ್ವರಾಧ್ಯ ಅಂಗೈ ಒತ್ತಿದ. ಟವೆಲ್ಲಿನ ಕೆಳಗೆ ಅಂಗೈ ಒತ್ತಿ ತಿರುಗಿ ಬಿದ್ದವನಿಗೆ ಶಹಾಪುರ, ಸುರಪುರ, ಯಾದಗಿರಿ, ಮೂರೂ ಪೇಟೆಯಲ್ಲಿ ಮರುದಿನ ಚಹಾ ಹುಟ್ಟುವುದಿಲ್ಲ.

ಘಟ್ಟ ಇಳಿಯುವಾಗ ಹತ್ತಿದ ಮಳೆ ಗೋಕರ್ಣದಲ್ಲಿ ಅವರ ಜೊತೆಗೇ ಬಸ್ಸಿಳಿಯಿತು. ಲಾಡ್ಜಿನ ಒಡತಿ ಕಿಟಕಿ ತೆಗೆದು ತೋರಿಸಿದರು. ಹೊರಗೆ ನೆಲ ಮುಗಿಲು ಎಲ್ಲ ಒಂದೇ ಬಿಳುಪು, ಯಾರೋ ಹತ್ತು ಲಾರಿ ಹತ್ತಿ ಸುರಿದ ಹಾಗೆ.

"ಸಮುದ್ರ ಎಲ್ಲದರೀ ಅಮ್ಮಾರ?" ಎಂದ ವಿಶ್ವರಾಧ್ಯ.

"ಅಲ್ಲೇ ಇದೆಯಲ್ಲ," ಎಂದರು ಅವರು, "ಮಳೆಯ ಹಿಂದೆ."

ಸದ್ದು ಮಾತ್ರ ಬರುತ್ತಿತ್ತು. ಗುರುದೇವಿ ಕಿಟಕಿಯಲ್ಲಿ ಒಂದು ಗಳಿಗೆ ನಿಂತು, ಗಂಡನ ಮುಖ ನೋಡಿ, ಒಡತಿಯ ಹಿಂದೆ ಅಡಿಗೆಮನೆಗೆ ಹೋದಳು. ಬೈಯದ ಹೆಂಡತಿ ಎಂದರೆ ಸೋತ ಹೆಂಡತಿ ಎಂದು ಅವನು ತಿಳಿದ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿಯೂ ಹಾಗೆ ತಿಳಿದ.

ಎರಡನೆಯ ದಿನಕ್ಕೆ ಮನೆಯಿಂದ ತಂದ ಖಡಕ್ ರೊಟ್ಟಿ ಮಡಚಿ ಇಸ್ತ್ರಿ ಹಾಕುವ ಹದಕ್ಕೆ ಬಂತು. ವಿಭೂತಿ ಗಟ್ಟಿ ಪೆಡಸು ಬಿಟ್ಟು ಬೆಣ್ಣೆಯಾಯಿತು. ಅವನ ಧೋತರ ಒಣಗುವ ಆಸೆಯನ್ನೇ ಕೈಬಿಟ್ಟಿತು. ಹಸಿ ಹಿಡಿಯುವುದರಲ್ಲಿ ಮೂರು ತಾಲ್ಲೂಕಿಗೆ ಹೆಸರಾದ ಮನುಷ್ಯ, ಹಸಿಯನ್ನೇ ನಾಲ್ಕು ದಿನದ ಮಟ್ಟಿಗೆ ಸಗಟು ಖರೀದಿ ಮಾಡಿದ್ದ.

ಅಂದು ಮಳೆ ತುಸು ತೆಳುವಾದಾಗ ಹೆಂಡತಿಯನ್ನು ಎಬ್ಬಿಸಿಕೊಂಡು ದಂಡೆಗೆ ಓಡಿದ. ದಂಡೆಗೆ ಕೆಂಪು ಬಾವುಟ ಹುಗಿದಿದ್ದರು. ಕಾವಲಿನವನು ಸೀಟಿ ಊದಿದ.

"ನೀರಿಗೆ ಇಳಿಯುವ ಹಾಗಿಲ್ಲ. ಸೆಪ್ಟೆಂಬರ್ ಆಗಬೇಕು."

"ಇಳಿಯೂದಿಲ್ಲ ಸಾಹೇಬ್ರ. ಎರಡು ಪಾದ ಅಷ್ಟ."

"ಆಗೋದಿಲ್ಲ."

"ಒಂದ್ ಪಾದ."

"ಇಲ್ಲ ಮಾರಾಯರೆ."

"ಹೋಗ್ಲಿ, ಹೆಬ್ಬೆರಳು. ಅದಕ್ಕಿಂತ ಕೆಳಗ ನಂಗೂ ಗಿಟ್ಟೂದಿಲ್ಲ."

"ಹೆಬ್ಬೆರಳಿಗೂ ಅದೇ ಕಾನೂನು."

ಗುರುದೇವಿ ಕೊಡೆ ಹಿಡಿದು ದೂರದಲ್ಲಿ ನಿಂತು ಸಂತೆ ನೋಡುವವಳ ಹಾಗೆ ನೋಡುತ್ತಿದ್ದಳು.

ಮೂರನೆಯ ದಿನ ಅವನು ವಿಜ್ಞಾನದ ಮೊರೆಹೊಕ್ಕ. "ನೋಡು, ಸಮುದ್ರದ ನೀರು ಉಗಿಯಾಗಿ ಮ್ಯಾಲ ಹೋಗ್ತದ, ಮಳಿಯಾಗಿ ಕೆಳಗ ಬರ್ತದ. ಅಂಗಳದಾಗ ನಿಂತ್ರೂ ಸಮುದ್ರದಾಗ ನಿಂತಂಗ. ಸಾಲಿ ಪುಸ್ತಕದಾಗ ಅದ."

"ಹಂಗಾದ್ರ ಹತ್ತಿ ತಂದ ಸಾಬಣ್ಣಗ ಧೋತರದ ರೇಟು ಕೊಡ್ರಿ. ಹತ್ತೀನ ಧೋತರ ಆಗ್ತದಲ್ಲ."

ವಿಜ್ಞಾನ ಅಲ್ಲಿಗೆ ಮುಗಿಯಿತು. ಅವಳು ರೊಟ್ಟಿಗೆ ಹಚ್ಚಿಕೊಳ್ಳುವ ಒಂದು ಡಬ್ಬಿ ಶೇಂಗಾ ಹಿಂಡಿ ತೆಗೆದುಕೊಂಡು ಮತ್ತೆ ಒಡತಿಯ ಅಡಿಗೆಮನೆಗೆ ಹೊರಟಳು.

ನಾಲ್ಕನೆಯ ದಿನ. ಮಧ್ಯಾಹ್ನ ಬಸ್ಸು. ವಿಶ್ವರಾಧ್ಯ ಬೆಳಿಗ್ಗೆಯೇ ಬಚ್ಚಲಿನ ಬಕೀಟು ಎತ್ತಿಕೊಂಡು ಹೊರಬಿದ್ದ. ಹೆಂಡತಿ ಸಮುದ್ರಕ್ಕೆ ಹೋಗದಿದ್ದರೆ ಸಮುದ್ರವೇ ಹೆಂಡತಿಯ ಬಳಿಗೆ ಬರಲಿ. ಕರಾರಿನಲ್ಲಿ ಎಲ್ಲಿ ಎಂದು ಇರಲಿಲ್ಲ. ಗಾಳಿಗೆ ಕೊಡೆ ಹಿಮ್ಮುಖವಾಗಿ ಅರಳಿತು. ಕಾವಲಿನವನ ಸೀಟಿ ಕೇಳಿದ ಕೂಡಲೇ ಅವನು ಉಸುಕಿನ ತಗ್ಗಿನಲ್ಲಿ ನಿಂತಿದ್ದ ನೀರಿಗೇ ಬಕೀಟು ಅದ್ದಿ, ಇದು ತೆರೆ ಬಿಟ್ಟು ಹೋದ ನೀರೇ ಎಂದು ಮಹಾಬಲೇಶ್ವರನ ಮೇಲೆ ಭಾರ ಹಾಕಿ ಓಡಿ ಬಂದ. ರೂಮಿಗೆ ಬಂದಾಗ ಬಕೀಟಿಗಿಂತ ಅವನೇ ಹೆಚ್ಚು ಸೋರುತ್ತಿದ್ದ.

"ತಗೋ. ಸಮುದ್ರ ಬಂದದ. ಕಾಲಿಡು."

ಗುರುದೇವಿ ಕಾಲಿಡಲಿಲ್ಲ. ಕುಕ್ಕುರುಗಾಲಲ್ಲಿ ಕೂತಳು. ಬಳೆ ಮೇಲೆ ಸರಿಸಿದಳು. ಮೊಳಕೈತನಕ ಕೈ ಇಳಿಸಿ, ತಳದಿಂದ ಒಂದು ಅಂಗೈ ನೀರು ಎತ್ತಿ, ನಾಲಿಗೆಯ ತುದಿಗೆ ಒಂದು ಹನಿ ಮುಟ್ಟಿಸಿ, ಕಣ್ಣು ಮುಚ್ಚಿದಳು. ಆ ಕಣ್ಣು ಮುಚ್ಚುವ ರೀತಿ ವಿಶ್ವರಾಧ್ಯನಿಗೆ ಎಲ್ಲೋ ನೋಡಿದ ಹಾಗಿತ್ತು.

"ಸಪ್ಪಗದ," ಎಂದಳು. "ಮಾಲಿನ್ಯಾಗ ನೀರು ಬೆರಸ್ಯಾರ. ವಾಪಸ್."

ಅವನೂ ರುಚಿ ನೋಡಿದ. ಅಪ್ಪಟ ಮಳೆ. ಸಾಬಣ್ಣನ ನಾಲ್ಕು ತಂಬಿಗೆ ನೆನಪಾಯಿತು.

ಸೋತರೂ ಕೊನೆಯ ಮಾತು ಉಳಿಸಿಕೊಳ್ಳದಿದ್ದರೆ ಅವನು ಅಡತಿಯವನೇ ಅಲ್ಲ. "ಆಗ್ಲಿ. ಡಿಸೆಂಬರ್ ಅಂದ್ರ ಡಿಸೆಂಬರ್. ಆದ್ರ ಆಗಿನ ರೇಟು ಕೇಳು, ನೀನ ಬ್ಯಾಡ ಅಂತಿ. ಅದೂ ಎಂಟು ದಿನ."

"ರೂಮು ಹಿಡಿದಾಗ್ಯದ್ರಿ."

"ಯಾವ ರೇಟಿಗೆ?"

"ಈಗಿನ ರೇಟಿಗೆ. ಎಲ್ಲಾರೂ ಬಿಟ್ಟಾಗ ಹಿಡೀಬೇಕು ಅಂತ ನೀವ ಹೇಳಿದ್ರಲ್ಲ. ಅಮ್ಮಾರಿಗೆ ಟವೆಲ್ಲಿನ ಸೌದಾ ಕಲಿಸಿದೆ. ಸೆರಗಿನ ಕೆಳಗ ಅಂಗೈ ಒತ್ಯಾರ."

ಬಾಗಿಲಲ್ಲಿ ನಿಂತಿದ್ದ ಒಡತಿ, ಹೌದೆನ್ನುವ ಹಾಗೆ ಸೆರಗು ಸರಿಮಾಡಿಕೊಂಡರು.

"ಯಾವಾಗ ಒತ್ತಿದ್ರು?"

"ಬಂದ ದಿನಾನ. ಕಿಡಕಿ ತೆಗೆದ ಕೂಡಲೆ."

ಡಿಸೆಂಬರಿನಲ್ಲಿ ಸಮುದ್ರ ಆ ಫೋಟೋದಲ್ಲಿದ್ದಂತೆಯೇ ಇತ್ತು, ಬಾಗಿದ ತೆಂಗಿನ ಸಹಿತ. ಗುರುದೇವಿ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತು, ತೆರೆ ಬಂದಾಗಲೆಲ್ಲ ಚಿಕ್ಕ ಹುಡುಗಿಯ ಹಾಗೆ ಕುಪ್ಪಳಿಸುತ್ತಿದ್ದಳು. ಮೊಣಕಾಲಿನ ನೋವು ಶಹಾಪುರದಲ್ಲೇ ಉಳಿದಿತ್ತು. ವಿಶ್ವರಾಧ್ಯ ದಡದ ನೀರಿನಲ್ಲಿ ಕೂತು ಹತ್ತಿಯ ಧ್ಯಾನ ಮಾಡುತ್ತಿದ್ದಾಗ ಫೋನು ಬಂತು.

"ಸಾವ್ಕಾರ್ರ, ನಾ ಸಾಬಣ್ಣ. ದುಕಾನಕ್ಕ ಕೀಲಿ ಬಿದ್ದದಲ್ರಿ. ಮೈಯಾಗ ಆರಾಮ ಅದೀರಿಲ್ಲೋ?"

"ಆರಾಮ ಅದೀನಿ."

"ಹತ್ತಿ ಬಾಜೂ ಅಡತಿಗೆ ಹಾಕಿದೆ ನೋಡ್ರಿ. ಪಾಪ, ಒಳ್ಳೆ ಮಂದಿ. ಮ್ಯಾಲಿಂದ ನೋಡಿ ತೂಕ ಹಿಡಿದ್ರು. ಹಂಗ ತಿಂಥಣಿಗೆ ಹೋಗಿ ಐದು ಟೆಂಗಿನಕಾಯಿ ಒಡದು ಬಂದೆ. ಪ್ರಸಾದ ಎತ್ತಿ ಇಟ್ಟೀನಿ ನಿಮಗ. ಅಂದಂಗ, ಪೇಟ್ಯಾಗ ಎಲ್ಲಾರೂ ಕೇಳಾಕತ್ತಾರ, ಸಮುದ್ರ ಹೆಂಗದ್ರಿ?"

ವಿಶ್ವರಾಧ್ಯ ಉತ್ತರ ಕೊಡುವ ಮೊದಲು ಬಗ್ಗಿದ. ರೂಢಿಯ ಕೈ. ಮೊಳಕೈತನಕ ಇಳಿದು, ತಳದಿಂದ ಒಂದು ಹಿಡಿ ಉಸುಕು ನೀರು ಎತ್ತಿಕೊಂಡು ಗಲ್ಲಕ್ಕೆ ಬಂತು. ಅವನು ಕಣ್ಣು ಮುಚ್ಚಿದ.

"ಹಸಿ ಅದ" ಎಂದ.